ಸರ್ಕಾರಿ ಶಾಲೆ ಶಿಕ್ಷಕರ ಮಕ್ಕಳು ಖಾಸಗಿ ಶಾಲೆಗೆ ಯಾಕೆ? ಪದೇ ಪದೇ ಕೇಳುವ ಪ್ರಶ್ನೆಗಳು

ಗಂಗಾವತಿ ತಾಲ್ಲೂಕಿನ ಒಂದು ಹಳ್ಳಿಯ ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆಯಲ್ಲಿ ನಾನು ಪಾಠ ಮಾಡುತ್ತೇನೆ. ನನ್ನ ಮಗಳು ಗಂಗಾವತಿಯಲ್ಲಿ ಖಾಸಗಿ ಶಾಲೆಗೆ ಹೋಗುತ್ತಾಳೆ. ಇದನ್ನು ಮೊದಲೇ ಹೇಳಿಬಿಟ್ಟರೆ ಒಳ್ಳೆಯದು. ಇಲ್ಲದಿದ್ದರೆ ಕೊನೆಯಲ್ಲಿ ಯಾರಾದರೂ ಇದನ್ನೇ ಕೇಳುತ್ತಾರೆ. ಬಸ್ಸಿನಲ್ಲಿ, ಮದುವೆ ಮನೆಯಲ್ಲಿ, ಚಹಾದ ಅಂಗಡಿ ಮುಂದೆ ಜನ ಕೇಳಿದ ಪ್ರಶ್ನೆಗಳನ್ನೇ ಇಲ್ಲಿ ಹಾಕಿದ್ದೇನೆ. ಕೆಲವು ಪ್ರಶ್ನೆ ಸಿಟ್ಟಿನಲ್ಲಿ ಬಂದವು. ಅವನ್ನೂ ಬಿಟ್ಟಿಲ್ಲ.

ಸರ್ಕಾರದ ಸಂಬಳ ತಗೊಂಡು ಮಕ್ಕಳನ್ನು ಖಾಸಗಿ ಶಾಲೆಗೆ ಕಳಿಸೋದು ಸರೀನಾ?

ಪ್ರಶ್ನೆ ಕೇಳುವ ಹಕ್ಕು ನಿಮಗಿದೆ. ಖಾನಾವಳಿ ನಡೆಸುವವನೇ ಪಕ್ಕದ ಖಾನಾವಳಿಗೆ ಊಟಕ್ಕೆ ಹೋದರೆ ನೋಡುವವರಿಗೆ ಅನುಮಾನ ಬರುತ್ತದೆ, ಅಲ್ವಾ? ಪಿಡಿಒ ಮಕ್ಕಳು, ತಹಶೀಲ್ದಾರರ ಮಕ್ಕಳು ಎಲ್ಲಿ ಓದುತ್ತಾರೆ ಅಂತ ಯಾರೂ ಅಷ್ಟು ತಲೆ ಕೆಡಿಸಿಕೊಳ್ಳುವುದಿಲ್ಲ. ನಮ್ಮದನ್ನು ಮಾತ್ರ ಕೇಳುತ್ತಾರೆ. ಯಾಕೆಂದರೆ ಶಾಲೆಯ ಒಳಗೆ ಏನು ನಡೆಯುತ್ತದೆ ಅಂತ ನಮಗೆ ಗೊತ್ತು. ಮಾಸ್ತರೇ ಕಳಿಸಿಲ್ಲ ಅಂದಮೇಲೆ ಒಳಗೆ ಏನೋ ಇದೆ ಅಂತ ಊರಿನವರು ಲೆಕ್ಕ ಹಾಕುತ್ತಾರೆ. ಆ ಲೆಕ್ಕ ತಪ್ಪಲ್ಲ. ಏನೋ ಇದೆ. ಆದರೆ ಅದು ನೀವು ಅಂದುಕೊಂಡದ್ದೇ ಆಗಿರಬೇಕಿಲ್ಲ.

ಹೀಗೆ ಕಳಿಸಬಾರದು ಅಂತ ಕಾನೂನು ಇದೆಯಾ?

ಕರ್ನಾಟಕದಲ್ಲಿ ಇಲ್ಲ. ಎಲ್ಲರೂ ನೆನಪಿಸಿಕೊಳ್ಳುವುದು 2015ರ ಆಗಸ್ಟ್‌ನಲ್ಲಿ ಅಲಹಾಬಾದ್ ಹೈಕೋರ್ಟ್ ಕೊಟ್ಟ ಆದೇಶವನ್ನು. ಉತ್ತರ ಪ್ರದೇಶದಲ್ಲಿ ಸರ್ಕಾರಿ ನೌಕರರು, ಜನಪ್ರತಿನಿಧಿಗಳು, ನ್ಯಾಯಾಂಗದವರು, ಸರ್ಕಾರದ ದುಡ್ಡು ಪಡೆಯುವ ಎಲ್ಲರೂ ಮಕ್ಕಳನ್ನು ಸರ್ಕಾರಿ ಪ್ರಾಥಮಿಕ ಶಾಲೆಗೇ ಕಳಿಸಬೇಕು ಅಂತ ಅದರಲ್ಲಿತ್ತು. ದೊಡ್ಡ ಸುದ್ದಿಯಾಯಿತು. ಜಾರಿ ಮಾತ್ರ ಆಗಲಿಲ್ಲ. ನಮ್ಮ ಕಡೆ ಭಾಷಣಗಳಲ್ಲಿ ಈಗಲೂ ಅದು ಬರುತ್ತದೆ, ಚಪ್ಪಾಳೆಯೂ ಬೀಳುತ್ತದೆ. ಭಾಷಣ ಮಾಡಿದವರ ಮೊಮ್ಮಕ್ಕಳು ಯಾವ ಶಾಲೆ ಅಂತ ಕೇಳಿದರೆ ಮಾತು ಬೇರೆ ಕಡೆ ತಿರುಗುತ್ತದೆ.

ಸುಮ್ನೆ ಸುತ್ತಿ ಬಳಸಿ ಹೇಳಬೇಡಿ. ನಿಜವಾದ ಕಾರಣ ಏನು?

ಮೊದಲನೆಯದು ಶಿಕ್ಷಕರ ಸಂಖ್ಯೆ. ಆರ್‌ಟಿಇ ಅಂದರೆ ಶಿಕ್ಷಣ ಹಕ್ಕು ಕಾಯ್ದೆ ಓದಿ ನೋಡಿ. ಒಂದರಿಂದ ಐದನೇ ತರಗತಿವರೆಗಿನ ಶಾಲೆಯಲ್ಲಿ 60 ಮಕ್ಕಳವರೆಗೆ ಇಬ್ಬರು ಶಿಕ್ಷಕರು ಸಾಕು. ಇದು ಕೊರತೆಯ ಲೆಕ್ಕ ಅಲ್ಲ, ಕಾಯ್ದೆಯಲ್ಲೇ ಇರುವ ಲೆಕ್ಕ. ಅಂದರೆ 40 ಮಕ್ಕಳಿರುವ ಶಾಲೆಯಲ್ಲಿ ಐದು ತರಗತಿ, ಇಬ್ಬರು ಶಿಕ್ಷಕರು, ಎಲ್ಲವೂ ನಿಯಮದ ಪ್ರಕಾರವೇ. ಒಬ್ಬರು ನಲಿ-ಕಲಿ ಅಂತ ಒಂದು, ಎರಡು, ಮೂರನ್ನು ಒಟ್ಟಿಗೆ ಕೂರಿಸಿಕೊಳ್ಳುತ್ತಾರೆ. ಇನ್ನೊಬ್ಬರು ನಾಲ್ಕು, ಐದು ನೋಡಿಕೊಂಡು, ಮುಖ್ಯ ಶಿಕ್ಷಕರ ಕೆಲಸವನ್ನೂ ಮಾಡಿ, ಬಿಸಿಯೂಟದ ಲೆಕ್ಕ ಬರೆದು, ಮಕ್ಕಳ ವಿವರ ಇಡುವ ಆನ್‌ಲೈನ್ ದಾಖಲೆ ಎಸ್‌ಎಟಿಎಸ್‌ನಲ್ಲಿ ಮಾಹಿತಿ ತುಂಬಿ, ಹಾಲಿನ ಪುಡಿ ಪಾಕೀಟು ಎಷ್ಟು ಉಳಿದಿದೆ ಅಂತ ಎಣಿಸಿ, ಮಧ್ಯಾಹ್ನ ತಾಲ್ಲೂಕಿನ ಶಿಕ್ಷಣಾಧಿಕಾರಿ ಬಿಇಒ ಕಚೇರಿಯಿಂದ ಫೋನ್ ಬಂದರೆ ಗಾಡಿ ಹತ್ತಿ ಹೋಗುತ್ತಾರೆ. ಅವತ್ತು ಐದು ತರಗತಿಗೆ ಉಳಿಯುವುದು ಒಬ್ಬರೇ.

ಖಾಸಗಿ ಶಾಲೆಯಲ್ಲಿ ತರಗತಿಗೆ ಒಬ್ಬರಾದರೂ ಇರುತ್ತಾರೆ. ಅವರಿಗೆ ಡಿಎಡ್ ಇರಲಿಕ್ಕಿಲ್ಲ. ಸಂಬಳ ನಮ್ಮದರಲ್ಲಿ ಕಾಲು ಭಾಗವೂ ಇರಲಿಕ್ಕಿಲ್ಲ. ಆದರೆ ಬಾಗಿಲ ಬಳಿ ಒಬ್ಬರು ನಿಂತಿರುತ್ತಾರೆ. ತಂದೆ ತಾಯಿಗೆ ಅದು ಕಾಣುತ್ತದೆ. ನನಗೂ ಕಂಡಿತು.

ಎರಡನೆಯದು ನೇಮಕಾತಿ ತಡ. ಆರರಿಂದ ಎಂಟನೇ ತರಗತಿಗೆ ಪದವೀಧರ ಶಿಕ್ಷಕರು ಬೇಕು ಅಂತ 15,000 ಹುದ್ದೆಗೆ 2022ರಲ್ಲಿ ಪರೀಕ್ಷೆ ನಡೆಯಿತು. ಅದರಲ್ಲಿ 5,000 ಹುದ್ದೆ ಕಲ್ಯಾಣ ಕರ್ನಾಟಕಕ್ಕೆ. ವಿಷಯ ಕೋರ್ಟಿಗೆ ಹೋಗಿ, ಆದೇಶ ಕೈಗೆ ಬರುವ ಹೊತ್ತಿಗೆ 2023 ಮುಗಿಯುತ್ತಾ ಬಂದಿತ್ತು. ಆರನೇ ತರಗತಿಯಲ್ಲಿ ಗಣಿತದ ಟೀಚರ್‌ಗಾಗಿ ಕಾಯುತ್ತಿದ್ದ ಹುಡುಗಿ ಅಷ್ಟೊತ್ತಿಗೆ ಏಳು ದಾಟುತ್ತಿದ್ದಳು. ನಡುವಿನ ಜಾಗ ತುಂಬುವವರು ಅತಿಥಿ ಶಿಕ್ಷಕರು. ಅವರಲ್ಲಿ ಬಹಳ ಒಳ್ಳೆಯವರಿದ್ದಾರೆ. ಆದರೆ ಅವರ ಗೌರವಧನ ತಿಂಗಳುಗಟ್ಟಲೆ ತಡವಾಗುತ್ತದೆ, ಮುಂದಿನ ವರ್ಷ ಅವರೇ ಬರುತ್ತಾರೆ ಅಂತ ಖಾತ್ರಿ ಇಲ್ಲ.

ಮೂರನೆಯದು ಪಾಠ ಬಿಟ್ಟು ಬೇರೆ ಕೆಲಸ. ಅದೇ ಶಿಕ್ಷಣ ಹಕ್ಕು ಕಾಯ್ದೆಯ 27ನೇ ಕಲಂ ಪ್ರಕಾರ ಜನಗಣತಿ, ಚುನಾವಣೆ, ವಿಪತ್ತು ಪರಿಹಾರ ಬಿಟ್ಟು ಬೇರೆ ಕೆಲಸಕ್ಕೆ ಶಿಕ್ಷಕರನ್ನು ಕಳಿಸುವಂತಿಲ್ಲ. 2025ರ ಸೆಪ್ಟೆಂಬರ್ 22ರಿಂದ ಸಾಮಾಜಿಕ, ಶೈಕ್ಷಣಿಕ ಸಮೀಕ್ಷೆ ಶುರುವಾಯಿತು. ಮನೆ ಮನೆಗೆ ಹೋದವರು ನಾವೇ. ದಸರಾ ರಜೆಯಲ್ಲಿ ಮುಗಿಯಬೇಕಿತ್ತು, ಮುಗಿಯಲಿಲ್ಲ. ಸರ್ಕಾರಿ ಮತ್ತು ಅನುದಾನಿತ ಶಾಲೆಗಳ ರಜೆಯನ್ನು ಅಕ್ಟೋಬರ್ 18ರವರೆಗೆ ವಿಸ್ತರಿಸಿದರು. ಅನುದಾನ ಇಲ್ಲದ ಖಾಸಗಿ ಶಾಲೆಗಳಿಗೆ ಈ ರಜೆ ಇರಲಿಲ್ಲ. ನಾನು ಮೊಬೈಲ್ ಹಿಡಿದುಕೊಂಡು ಮನೆ ಹುಡುಕುತ್ತಿದ್ದೆ, ನನ್ನ ಶಾಲೆ ಮಕ್ಕಳು ಬೀದಿಯಲ್ಲಿ ಆಡುತ್ತಿದ್ದರು, ನನ್ನ ಮಗಳು ತರಗತಿಯಲ್ಲಿ ಕೂತಿದ್ದಳು. ಸಮೀಕ್ಷೆ ಬೇಡ ಅಂತ ನಾನು ಹೇಳುವುದಿಲ್ಲ. ಅದರ ಬೆಲೆಯನ್ನು ಯಾವ ಮಕ್ಕಳು ಕೊಟ್ಟರು ಅಂತ ಕೇಳುತ್ತಿದ್ದೇನೆ ಅಷ್ಟೇ.

ಇನ್ನು ಸಣ್ಣ ಸಣ್ಣ ಕಾರಣಗಳು. ನಮ್ಮಲ್ಲಿ ಬಹಳ ಜನ ತಾಲ್ಲೂಕು ಕೇಂದ್ರದಲ್ಲಿ ಮನೆ ಮಾಡಿ ಹಳ್ಳಿಗೆ ಓಡಾಡುತ್ತಾರೆ. ಸಿಂಧನೂರಿನಿಂದ ಮಸ್ಕಿ ಕಡೆ, ಕೊಪ್ಪಳದಿಂದ ಯಲಬುರ್ಗಾ ಕಡೆ, ಬಳ್ಳಾರಿಯಿಂದ ಸಿರುಗುಪ್ಪ ಕಡೆ ಬೆಳಗಿನ ಬಸ್ಸಿನಲ್ಲಿ ಅರ್ಧ ಜನ ಟೀಚರುಗಳೇ. ಗಂಡ ಒಂದು ಕಡೆ, ಹೆಂಡತಿ ಇನ್ನೊಂದು ಕಡೆ. ಶಾಲೆ ವ್ಯಾನ್ ಮನೆ ಮುಂದೆ ಬಂದು ಮಗುವನ್ನು ಹತ್ತಿಸಿಕೊಳ್ಳುತ್ತದೆ ಅನ್ನುವುದೇ ಅವರಿಗೆ ದೊಡ್ಡ ಕಾರಣ.

ಎಲ್ಲವೂ ವ್ಯವಸ್ಥೆಯ ತಪ್ಪು ಅಂತೀರಿ. ದೊಡ್ಡಸ್ತಿಕೆ ಇಲ್ವಾ?

ಇದೆ. ಮುಚ್ಚಿಡುವುದು ಯಾಕೆ? ಸ್ಟಾಫ್ ರೂಮಿನಲ್ಲಿ ಮಕ್ಕಳ ಮಾತು ಬಂದಾಗ ಶಾಲೆ ಹೆಸರು ಹೇಳುವುದಕ್ಕೆ ಒಂದು ಹೆಮ್ಮೆ ಇರುತ್ತದೆ. ಮದುವೆಯಲ್ಲಿ ಬೀಗರು ಕೇಳುತ್ತಾರೆ. ಟೈ, ಬೂಟು, ಡೈರಿ ಕಾಣಬೇಕು. ಇದಕ್ಕಿಂತ ಕೆಟ್ಟದ್ದು ಇನ್ನೊಂದಿದೆ, ಅದನ್ನು ಯಾರೂ ಬಾಯಿಬಿಟ್ಟು ಹೇಳುವುದಿಲ್ಲ. ನಮ್ಮ ಮಗು ಯಾರ ಪಕ್ಕ ಕೂರುತ್ತದೆ ಅನ್ನುವುದು. ಖಾಸಗಿ ಶಾಲೆಯ ಫೀಸು ಆ ಜರಡಿ ಹಿಡಿಯುವ ಕೆಲಸವನ್ನು ಸದ್ದಿಲ್ಲದೆ ಮಾಡುತ್ತದೆ. ಜಾತಿಯ ಹೆಸರು ಎತ್ತಬೇಕಾಗಿಲ್ಲ, ಬಡತನದ ಮಾತು ಆಡಬೇಕಾಗಿಲ್ಲ. 'ಅಲ್ಲಿ ವಾತಾವರಣ ಚಲೋ ಐತಿ' ಅಂದರೆ ಮುಗಿಯಿತು. ಬೇರೆ ಕಾರಣಗಳಿಗೆ ನಾನು ವಕಾಲತ್ತು ಮಾಡುತ್ತೇನೆ, ಇದಕ್ಕೆ ಮಾಡುವುದಿಲ್ಲ.

ಅಂದರೆ ನಿಮ್ಮ ಪಾಠದ ಮೇಲೆ ನಿಮಗೇ ನಂಬಿಕೆ ಇಲ್ಲ ಅಂತಾಯ್ತು?

ನನ್ನ ಪಾಠದ ಮೇಲೆ ಇದೆ. ನಾನಿಲ್ಲದ ದಿನದ ಮೇಲೆ ಇಲ್ಲ.

ಖಾಸಗಿ ಶಾಲೆಯಲ್ಲಿ ಕಲಿಕೆ ನಿಜಕ್ಕೂ ಜಾಸ್ತಿ ಇರುತ್ತಾ?

ನಮ್ಮ ಪಕ್ಕದ ಆಂಧ್ರದಲ್ಲೇ ಇದನ್ನು ಪರೀಕ್ಷೆ ಮಾಡಿದ್ದಾರೆ. ಅರ್ಥಶಾಸ್ತ್ರಜ್ಞರಾದ ಕಾರ್ತಿಕ್ ಮುರಳೀಧರನ್ ಮತ್ತು ವೆಂಕಟೇಶ್ ಸುಂದರರಾಮನ್ ಮಾಡಿದ ಅಧ್ಯಯನ ಅದು, 2015ರಲ್ಲಿ ಪ್ರಕಟವಾಯಿತು. ಹಳ್ಳಿಯ ಸರ್ಕಾರಿ ಶಾಲೆ ಮಕ್ಕಳಲ್ಲಿ ಕೆಲವರಿಗೆ ಚೀಟಿ ಎತ್ತಿ ಖಾಸಗಿ ಶಾಲೆಯ ಖರ್ಚು ಕೊಟ್ಟರು. ಕೆಲವರಿಗೆ ಸಿಗಲಿಲ್ಲ. ನಾಲ್ಕು ವರ್ಷ ಆದಮೇಲೆ ಇಬ್ಬರನ್ನೂ ಪರೀಕ್ಷೆಗೆ ಕೂರಿಸಿದರು. ತೆಲುಗು ಮತ್ತು ಗಣಿತದಲ್ಲಿ ಹೇಳಿಕೊಳ್ಳುವ ವ್ಯತ್ಯಾಸ ಇರಲಿಲ್ಲ. ಹಿಂದಿಯಲ್ಲಿ ಖಾಸಗಿಗೆ ಹೋದವರು ಮುಂದಿದ್ದರು, ಯಾಕೆಂದರೆ ಸರ್ಕಾರಿ ಶಾಲೆಯಲ್ಲಿ ಆ ವಯಸ್ಸಿಗೆ ಹಿಂದಿಯೇ ಇರಲಿಲ್ಲ ಅನ್ನಬಹುದು.

ಇಷ್ಟು ಓದಿ ಸರ್ಕಾರಿ ಶಾಲೆಯವರು ಎದೆ ಉಬ್ಬಿಸುವ ಹಾಗೂ ಇಲ್ಲ. ಖಾಸಗಿ ಶಾಲೆಗಳು ಒಂದು ಮಗುವಿಗೆ ಮಾಡಿದ ಖರ್ಚು ಸರ್ಕಾರಿ ಶಾಲೆಯ ಮೂರನೇ ಒಂದು ಭಾಗಕ್ಕಿಂತ ಕಮ್ಮಿ. ತೆಲುಗು, ಗಣಿತಕ್ಕೆ ಅವರು ಕೊಟ್ಟ ಸಮಯವೂ ಕಮ್ಮಿ. ಕಮ್ಮಿ ದುಡ್ಡು, ಕಮ್ಮಿ ಸಮಯದಲ್ಲಿ ಅಷ್ಟೇ ಕಲಿಸಿದರು.

ಇದರಿಂದ ನನಗೆ ಅರ್ಥವಾಗಿದ್ದು ಇಷ್ಟು. ನೀವು ಪಟ್ಟಣದಲ್ಲಿ ನೋಡುವ 'ಖಾಸಗಿ ಮಕ್ಕಳು ಚುರುಕು' ಅನ್ನುವುದರಲ್ಲಿ ದೊಡ್ಡ ಪಾಲು ಮನೆಯದು. ಅಪ್ಪ ಅಮ್ಮ ಓದಿದವರು, ಸಂಜೆ ಕೂತು ಓದಿಸುತ್ತಾರೆ, ಹತ್ತಿ ಬಿಡಿಸುವ ಕಾಲಕ್ಕೆ ಮಗುವನ್ನು ಹೊಲಕ್ಕೆ ಕರೆದೊಯ್ಯುವುದಿಲ್ಲ. ರಾಯಚೂರು ಜಿಲ್ಲೆಯಲ್ಲಿ ಹತ್ತಿ, ಮೆಣಸಿನಕಾಯಿ ಬಿಡಿಸುವ ದಿನಗಳಲ್ಲಿ ಹಾಜರಿ ಪುಸ್ತಕ ತೆಗೆದು ನೋಡಿ. ಗುಳೆ ಹೋದ ಮನೆಯ ಮಕ್ಕಳು ಯುಗಾದಿ ಹೊತ್ತಿಗೆ ವಾಪಸ್ ಬರುತ್ತಾರೆ, ಅಷ್ಟೊತ್ತಿಗೆ ಪರೀಕ್ಷೆ. ಟೀಚರ್ ಮಗು ಯಾವ ಶಾಲೆಯಲ್ಲಿದ್ದರೂ ಸುಮಾರಾಗಿ ಕಲಿತೇ ಕಲಿಯುತ್ತದೆ. ಹಾಗಾದರೆ ಫೀಸು ಯಾಕೆ ಕಟ್ಟುತ್ತೀರಿ ಅಂತ ನನ್ನ ಹೆಂಡತಿಯೂ ಕೇಳಿದ್ದಾಳೆ. ಉತ್ತರ ಮುಂದಿನ ಪ್ರಶ್ನೆಯಲ್ಲಿದೆ.

ಇಂಗ್ಲಿಷ್‌ಗಾಗಿ ತಾನೇ?

ಹೌದು. ಅರ್ಧಕ್ಕಿಂತ ಜಾಸ್ತಿ ಅದೇ. ಎಸ್ಸೆಸ್ಸೆಲ್ಸಿವರೆಗೆ ಕನ್ನಡದಲ್ಲಿ ಓದಿ, ಒಳ್ಳೆಯ ಅಂಕ ತೆಗೆದು, ಪಿಯುಸಿ ವಿಜ್ಞಾನಕ್ಕೆ ಸೇರಿ, ಮೊದಲ ಎರಡು ತಿಂಗಳಲ್ಲೇ ಭೌತಶಾಸ್ತ್ರ ಅರ್ಥವಾಗದೆ ಕಲಾ ವಿಭಾಗಕ್ಕೆ ಬದಲಾಯಿಸಿಕೊಂಡ ಮಕ್ಕಳನ್ನು ನಮ್ಮ ಕಡೆ ಪ್ರತಿ ಊರಲ್ಲೂ ತೋರಿಸಬಹುದು. ಶಿಕ್ಷಕರು ಅಂಥವರನ್ನು ಪ್ರತಿ ವರ್ಷ ನೋಡುತ್ತಾರೆ. ಹಾಗಾಗಿ ಹೆದರುತ್ತಾರೆ.

ಸರ್ಕಾರ ಏನೂ ಮಾಡಿಲ್ಲ ಅಂತಲ್ಲ. 2007-08ರಿಂದ ಒಂದನೇ ತರಗತಿಗೇ ಇಂಗ್ಲಿಷ್ ಒಂದು ವಿಷಯವಾಗಿ ಬಂತು. 2019-20ರಲ್ಲಿ 1,000 ಸರ್ಕಾರಿ ಶಾಲೆಗಳಲ್ಲಿ ಇಂಗ್ಲಿಷ್ ಮಾಧ್ಯಮದ ವಿಭಾಗ ಶುರು ಮಾಡಿದರು. ಸಾಹಿತಿಗಳು ವಿರೋಧಿಸಿದರು, ತಂದೆ ತಾಯಿಗಳು ಸಾಲು ನಿಂತರು. ಆದರೆ ಪಾಠ ಮಾಡುವವರು ಕನ್ನಡ ಮಾಧ್ಯಮದ ಅದೇ ಶಿಕ್ಷಕರು, ನಡುವೆ ಸ್ವಲ್ಪ ದಿನ ತರಬೇತಿ. ಮಾತೃಭಾಷೆಯಲ್ಲೇ ಪ್ರಾಥಮಿಕ ಶಿಕ್ಷಣ ಕಡ್ಡಾಯ ಮಾಡುವ ಕರ್ನಾಟಕದ ಪ್ರಯತ್ನವನ್ನು 2014ರ ಮೇ 6ರಂದು ಸುಪ್ರೀಂ ಕೋರ್ಟ್ ಒಪ್ಪಲಿಲ್ಲ. ಮಾಧ್ಯಮದ ಆಯ್ಕೆ ಪೋಷಕರದು ಅಂತ ಹೇಳಿತು. ಅಲ್ಲಿಗೆ ಆ ದಾರಿ ಮುಚ್ಚಿತು.

ನನ್ನ ಅಭಿಪ್ರಾಯ ಕೇಳಿದರೆ, ಮಗು ಚಿಕ್ಕದಿದ್ದಾಗ ಮನೆ ಭಾಷೆಯಲ್ಲೇ ಕಲಿಯಬೇಕು. ಅಭಿಪ್ರಾಯ ಇದು. ಮಗಳು ಇರುವುದು ಇಂಗ್ಲಿಷ್ ಮಾಧ್ಯಮದಲ್ಲಿ. ಎರಡೂ ನಿಜ.

ಎಲ್‌ಕೆಜಿ ಕಥೆ ಏನು?

ಖಾಸಗಿಯವರು ಮಗುವನ್ನು ಮೂರೂವರೆ, ನಾಲ್ಕು ವರ್ಷಕ್ಕೇ ಕರೆದುಕೊಳ್ಳುತ್ತಾರೆ. ನಮ್ಮ ಶಾಲೆ ಬಾಗಿಲು ತೆಗೆಯುವುದು ಆರು ವರ್ಷಕ್ಕೆ. ಅಷ್ಟರಲ್ಲಿ ಮಗುವಿಗೆ ಅಲ್ಲೇ ಗೆಳೆಯರು, ಟೀಚರು, ವ್ಯಾನು ಎಲ್ಲ ಆಗಿರುತ್ತದೆ. ಈಚೆಗೆ ಕಲ್ಯಾಣ ಕರ್ನಾಟಕದ ನೂರಾರು ಸರ್ಕಾರಿ ಶಾಲೆಗಳಲ್ಲಿ ಎಲ್‌ಕೆಜಿ, ಯುಕೆಜಿ ಶುರುವಾಗಿದೆ. ಅಂಗನವಾಡಿ ಕಾರ್ಯಕರ್ತೆಯರು ನಮ್ಮ ಕೆಲಸಕ್ಕೆ ಕುತ್ತು ಅಂತ ಬೀದಿಗಿಳಿದರು, ಅವರ ಮಾತಿನಲ್ಲೂ ಅರ್ಥ ಇದೆ. ಆದರೂ ನನ್ನ ಪ್ರಕಾರ ದಾಖಲಾತಿ ಉಳಿಸಲು ಮಾಡಿದ ಕೆಲಸಗಳಲ್ಲಿ ಇದೇ ಸರಿಯಾದ ಜಾಗಕ್ಕೆ ಕೈ ಹಾಕಿದ್ದು.

ಹಾಗಿದ್ದರೆ ಶಿಕ್ಷಕರಿಗೆ 'ಸರ್ಕಾರಿ' ಅಂದರೇ ಬೇಡ ಅಂತಾನಾ?

ಇಲ್ಲ! ಇದನ್ನು ಜನ ಗಮನಿಸುವುದೇ ಇಲ್ಲ. ನಾಲ್ಕು, ಐದನೇ ತರಗತಿಗೆ ಬಂದ ತಕ್ಷಣ ಇದೇ ಶಿಕ್ಷಕರು ಮಕ್ಕಳನ್ನು ನವೋದಯ ಪರೀಕ್ಷೆಗೆ ತಯಾರು ಮಾಡಲು ಶುರು ಮಾಡುತ್ತಾರೆ. ಕೊಪ್ಪಳ ಜಿಲ್ಲೆಯ ನವೋದಯ ಕುಕನೂರಿನಲ್ಲಿದೆ, ರಾಯಚೂರಿನದು ಮುದಗಲ್‌ನಲ್ಲಿ. ಅಲ್ಲಿ ಸೀಟು ಸಿಕ್ಕರೆ ಮನೆಯಲ್ಲಿ ಹೋಳಿಗೆ. ಸಿಗದಿದ್ದರೆ ಆದರ್ಶ ವಿದ್ಯಾಲಯ, ಅದೂ ಆಗದಿದ್ದರೆ ಮೊರಾರ್ಜಿ ದೇಸಾಯಿ ವಸತಿ ಶಾಲೆ, ಕಿತ್ತೂರು ರಾಣಿ ಚೆನ್ನಮ್ಮ ವಸತಿ ಶಾಲೆ. ಎಲ್ಲವೂ ಸರ್ಕಾರದ್ದೇ. ಇವುಗಳಿಗೆ ಕೋಚಿಂಗ್ ಕೊಡುವ ಬೋರ್ಡು ನಮ್ಮ ತಾಲ್ಲೂಕು ಕೇಂದ್ರಗಳಲ್ಲಿ ಕಿರಾಣಿ ಅಂಗಡಿಗಿಂತ ಜಾಸ್ತಿ ಕಾಣುತ್ತವೆ.

ಅಲ್ಲಿ ಏನಿದೆ? ವಿಷಯಕ್ಕೊಬ್ಬ ಶಿಕ್ಷಕರು. ಪ್ರವೇಶ ಪರೀಕ್ಷೆ ದಾಟಿ ಬಂದ ಮಕ್ಕಳು. ಇಂಗ್ಲಿಷ್. ಇಷ್ಟು ಇದ್ದರೆ ಬೋರ್ಡಿನ ಮೇಲೆ ಸರ್ಕಾರ ಅಂತ ಬರೆದಿದ್ದರೂ ಯಾರಿಗೂ ತಕರಾರಿಲ್ಲ. ಶಿಕ್ಷಕರು ಓಡಿಹೋಗುತ್ತಿರುವುದು ಸರ್ಕಾರದಿಂದ ಅಂತ ನನಗೆ ಅನ್ನಿಸಿಲ್ಲ. ಐದು ತರಗತಿಗೆ ಇಬ್ಬರಿರುವ ಶಾಲೆಯಿಂದ ಅವರು ದೂರ ಹೋಗುತ್ತಿದ್ದಾರೆ. ಆ ಶಾಲೆಯಲ್ಲಿ ಉಳಿಯುವುದು ಯಾವ ಪರೀಕ್ಷೆಯನ್ನೂ ದಾಟಲಾಗದ, ಯಾವ ಫೀಸನ್ನೂ ಕಟ್ಟಲಾಗದ ಮನೆಯ ಮಕ್ಕಳು. ಒಳ್ಳೆಯ ಸರ್ಕಾರಿ ಶಾಲೆ ಕಟ್ಟಲು ಬರುವುದಿಲ್ಲ ಅಂತ ಸರ್ಕಾರ ಹೇಳುವ ಹಾಗಿಲ್ಲ. ಕಟ್ಟಿ ತೋರಿಸಿದೆ. ಕೆಲವೇ ಮಕ್ಕಳಿಗೆ ಕಟ್ಟಿದೆ.

ಖಾಸಗಿ ಶಾಲೆಗೆ ಹೋದರೆ ಗ್ರಾಮೀಣ ಮೀಸಲಾತಿ ಕೈತಪ್ಪುತ್ತಂತೆ, ಹೌದಾ?

ಶಾಲೆ ಸರ್ಕಾರಿಯೋ ಖಾಸಗಿಯೋ ಅನ್ನುವುದು ಮುಖ್ಯ ಅಲ್ಲ. ಒಂದರಿಂದ ಹತ್ತನೇ ತರಗತಿವರೆಗೆ ಗ್ರಾಮೀಣ ಪ್ರದೇಶದ ಶಾಲೆಯಲ್ಲಿ ಓದಿರಬೇಕು. ಹಳ್ಳಿಯಲ್ಲಿರುವ ಖಾಸಗಿ ಶಾಲೆಯೂ ನಡೆಯುತ್ತದೆ. ಸಿಇಟಿಯಲ್ಲಿ ಇದಕ್ಕೆ ಶೇ 15, ಹತ್ತನೇ ತರಗತಿವರೆಗೆ ಕನ್ನಡ ಮಾಧ್ಯಮದಲ್ಲಿ ಓದಿದವರಿಗೆ ಶೇ 5. ಮಗುವನ್ನು ಪಟ್ಟಣದ ಇಂಗ್ಲಿಷ್ ಮಾಧ್ಯಮಕ್ಕೆ ಹಾಕಿದ ದಿನವೇ ಎರಡೂ ಹೋಗುತ್ತವೆ. ನಡುವೆ ಒಂದೇ ವರ್ಷ ಪಟ್ಟಣದಲ್ಲಿ ಓದಿದರೂ ಗ್ರಾಮೀಣ ಪ್ರಮಾಣಪತ್ರ ಸಿಗುವುದಿಲ್ಲ. ಕಲ್ಯಾಣ ಕರ್ನಾಟಕದವರಿಗೆ ಸಿಗುವ 371ಜೆ ಮೀಸಲಾತಿ ಬೇರೆ ವಿಷಯ. ಅದು ಹುಟ್ಟು, ವಾಸದ ಮೇಲೆ ನಿಂತಿದೆ, ಶಾಲೆ ಯಾವುದಾದರೂ ತೊಂದರೆ ಇಲ್ಲ. ಈ ಲೆಕ್ಕ ಹಾಕಿಯೇ ಪಟ್ಟಣದ ಅಂಚಿನಲ್ಲಿರುವ, ಪಂಚಾಯಿತಿ ವ್ಯಾಪ್ತಿಯ ಖಾಸಗಿ ಶಾಲೆಯನ್ನು ಹುಡುಕುವ ಜಾಣರೂ ನಮ್ಮಲ್ಲಿದ್ದಾರೆ.

ದಾಖಲಾತಿ ಆಂದೋಲನಕ್ಕೆ ಮನೆ ಮನೆಗೆ ಹೋಗ್ತೀರಲ್ಲ, ಆಗ ಜನ ಕೇಳಿದರೆ ಏನು ಹೇಳ್ತೀರಿ?

ಕೇಳಿಯೇ ಕೇಳುತ್ತಾರೆ. 'ಸರ, ನಿಮ್ಮ ಮಗಳು ಯಾವ ಸಾಲಿಗೆ ಹೊಕ್ಕಾಳ್ರೀ?' ಅಂತ ಒಬ್ಬ ಅಜ್ಜ ಕಟ್ಟೆ ಮೇಲೆ ಕೂತು, ಎಲ್ಲರ ಎದುರು ಕೇಳಿದರು. ನನ್ನ ಜೊತೆಗಿದ್ದ ಅಕ್ಕೋರು ನೆಲ ನೋಡಿದರು. ಇದ್ದದ್ದು ಹೇಳಿದೆ. ಅಜ್ಜ ನಕ್ಕು, 'ಹಂಗಾದ್ರ ನಮ್ಮ ಹುಡುಗನ್ನ ಯಾಕ ಕೇಳಾಕ ಬಂದೀರಿ' ಅಂದರು.

ಬಿಸಿಯೂಟ, ಮೊಟ್ಟೆ, ಹಾಲು, ಬಟ್ಟೆ, ಪುಸ್ತಕ, ಬೂಟು ಅಂತ ಪಟ್ಟಿ ಒಪ್ಪಿಸುವುದು ಸುಲಭ. ಅದು ಸಣ್ಣ ವಿಷಯವೂ ಅಲ್ಲ. 2002ರಲ್ಲಿ ಅಕ್ಷರ ದಾಸೋಹ ಮೊದಲು ಶುರುವಾದ ಜಿಲ್ಲೆಗಳಲ್ಲಿ ರಾಯಚೂರು, ಕೊಪ್ಪಳ, ಬಳ್ಳಾರಿ ಇದ್ದವು. ಶಾಲೆಯಲ್ಲಿ ಮೊಟ್ಟೆ ಕೊಡುವುದೂ 2021ರಲ್ಲಿ ನಮ್ಮ ಭಾಗದಿಂದಲೇ ಶುರುವಾಯಿತು. ಆದರೆ ಅಜ್ಜ ಕೇಳಿದ್ದು ಊಟದ ವಿಷಯ ಅಲ್ಲ. ಅದಕ್ಕೆ ನಾನು ಹೇಳುವುದು ಇಷ್ಟೇ: ನಮ್ಮಲ್ಲಿ ಈ ವರ್ಷ ಇಷ್ಟು ಶಿಕ್ಷಕರಿದ್ದೇವೆ, ಗಣಿತಕ್ಕೆ ಇವರು, ಇಂಗ್ಲಿಷ್‌ಗೆ ಯಾರೂ ಇಲ್ಲ, ನೀವು ಬಂದು ಕೇಳಿದರೆ ಬರಬಹುದು. ಸುಳ್ಳು ಹೇಳಿ ಕರೆತಂದ ಮಗು ಆಗಸ್ಟ್ ಹೊತ್ತಿಗೆ ಟಿಸಿ ತಗೊಂಡು ಹೋಗುತ್ತದೆ.

ಎಲ್ಲ ಶಿಕ್ಷಕರೂ ಮಕ್ಕಳನ್ನು ಸರ್ಕಾರಿ ಶಾಲೆಗೇ ಹಾಕಿದರೆ ಶಾಲೆ ಸುಧಾರಿಸುತ್ತಾ?

ಸ್ವಲ್ಪ ಸುಧಾರಿಸುತ್ತದೆ. ಎಸ್‌ಡಿಎಂಸಿಯಲ್ಲಿ (ಶಾಲೆಯ ಮೇಲುಸ್ತುವಾರಿ ಸಮಿತಿ) ಪೋಷಕರಾಗಿ ಕೂರಬೇಕೆಂದರೆ ನಿಮ್ಮ ಮಗು ಆ ಶಾಲೆಯಲ್ಲಿ ಓದುತ್ತಿರಬೇಕು. ಕಾಯ್ದೆ ಪ್ರಕಾರ ಸಮಿತಿಯ ಮುಕ್ಕಾಲು ಭಾಗ ಪೋಷಕರದು, ಅರ್ಧದಷ್ಟು ಹೆಂಗಸರದು. ಈಗ ಅಲ್ಲಿ ಇರುವವರು ಹೆಚ್ಚಾಗಿ ಕೂಲಿಗೆ ಹೋಗುವ ತಾಯಂದಿರು. ಸಭೆಗೆ ಬಂದರೆ ಒಂದು ದಿನದ ಕೂಲಿ ಹೋಗುತ್ತದೆ. ಬಂದರೂ ಮಾಸ್ತರ ಎದುರು ಮಾತಾಡಲು ಸಂಕೋಚ. ಅರ್ಜಿ ಬರೆಯಲು, ಡಿಡಿಪಿಐ ಕಚೇರಿಯಲ್ಲಿ ಜಗಳ ಮಾಡಲು, ಪೇಪರಿನವರಿಗೆ ಫೋನ್ ಮಾಡಲು ಬಲ್ಲ ಪೋಷಕರೆಲ್ಲ ವ್ಯಾನ್ ಹತ್ತಿ ಹೋಗಿಬಿಟ್ಟಿದ್ದಾರೆ. ನಾವೂ ಅವರ ಜೊತೆ ಹೋದೆವು. ನಮ್ಮ ಮೇಲೆ ಇರುವ ನಿಜವಾದ ಆಪಾದನೆ ಇದು, ಸಂಬಳದ್ದಲ್ಲ.

ಆದರೆ ಟೀಚರ್ ಮಕ್ಕಳು ಬಂದ ಮಾತ್ರಕ್ಕೆ ಮೂರನೇ ಶಿಕ್ಷಕರು ಬರುವುದಿಲ್ಲ. ಹುದ್ದೆ ಮಂಜೂರು ಮಾಡುವುದು ಬೆಂಗಳೂರು. ನಮ್ಮ ಮಕ್ಕಳನ್ನು ಕಡ್ಡಾಯವಾಗಿ ಕೂರಿಸಿ, 'ಸಮಸ್ಯೆ ಬಗೆಹರಿಯಿತು' ಅಂತ ಸರ್ಕಾರ ಕೈತೊಳೆದುಕೊಂಡರೆ ಕಷ್ಟ.

ತಮ್ಮದೇ ಶಾಲೆಗೆ ಮಕ್ಕಳನ್ನು ಕರೆತರುವ ಶಿಕ್ಷಕರೇ ಇಲ್ವಾ?

ಇದ್ದಾರೆ. ಸುದ್ದಿ ಮಾಡದೆ ಕರೆತರುತ್ತಾರೆ. ಅವರ ಕಷ್ಟ ಬೇರೆ. ಮಗುವಿಗೆ ಬೈದರೆ ಮಗು ಅಳುತ್ತದೆ, ಬೈಯದಿದ್ದರೆ ಊರು ಅಳುತ್ತದೆ. ವರ್ಗಾವಣೆ ಆದರೆ ಮಗುವೂ ಶಾಲೆ ಬದಲಾಯಿಸಬೇಕು. ಅಂಥವರನ್ನು ಮೆಚ್ಚುತ್ತೇನೆ. ಅವರ ಫೋಟೊ ಹಾಕಿ ಉಳಿದವರಿಗೆ ಪಾಠ ಹೇಳುವ ವಾಟ್ಸಾಪ್ ಸಂದೇಶಗಳು ಮಾತ್ರ ಬೇಡ.

ಬೇರೆ ಕಡೆಯೂ ಹೀಗೇನಾ?

ಅಮೆರಿಕದಲ್ಲಿ 2000ರ ಜನಗಣತಿ ಇಟ್ಟುಕೊಂಡು 2004ರಲ್ಲಿ ಒಂದು ವರದಿ ಬಂತು. ಫಿಲಡೆಲ್ಫಿಯಾ ನಗರದಲ್ಲಿ ಸರ್ಕಾರಿ ಶಾಲೆ ಶಿಕ್ಷಕರಲ್ಲಿ ಶೇ 44ರಷ್ಟು ಜನ ಮಕ್ಕಳನ್ನು ಖಾಸಗಿ ಶಾಲೆಗೆ ಕಳಿಸುತ್ತಿದ್ದರು. ಇಡೀ ದೇಶದ ಲೆಕ್ಕ ತೆಗೆದರೆ ಮಾತ್ರ ಶಿಕ್ಷಕರು ಉಳಿದ ಪೋಷಕರಿಗಿಂತ ಸ್ವಲ್ಪ ಕಮ್ಮಿಯೇ. ಅಂದರೆ ದೊಡ್ಡ ನಗರದ ಸೊರಗಿದ ಶಾಲೆಗಳ ಹತ್ತಿರ ಇದ್ದವರು ಓಡಿದರು, ಊರಿನ ಶಾಲೆ ಚೆನ್ನಾಗಿದ್ದ ಕಡೆ ಅಲ್ಲೇ ಉಳಿದರು. ನಮ್ಮಲ್ಲೂ ಲೆಕ್ಕ ತೆಗೆದರೆ ಹಾಗೇ ಬರಬಹುದು ಅಂತ ನನ್ನ ಊಹೆ.

ಬಡವರಿಗೆ ಖಾಸಗಿ ಶಾಲೆಯಲ್ಲಿ ಆರ್‌ಟಿಇ ಸೀಟು ಇದೆಯಲ್ಲ?

ಇತ್ತು. ನೆರೆಹೊರೆಯಲ್ಲಿ ಸರ್ಕಾರಿ ಅಥವಾ ಅನುದಾನಿತ ಶಾಲೆ ಇದ್ದರೆ ಖಾಸಗಿಯಲ್ಲಿ ಬಡ ಮಕ್ಕಳಿಗೆ ಮೀಸಲಿದ್ದ ಶೇ 25ರ ಸೀಟು ಇಲ್ಲ ಅಂತ ಕರ್ನಾಟಕ ನಿಯಮ ಬದಲಿಸಿತು. 2019-20ರಿಂದ ಸೀಟುಗಳು ಪೂರಾ ಇಳಿದವು. ಸರ್ಕಾರಿ ಶಾಲೆ ಉಳಿಸಲು ಅಂತ ಹೇಳಿದರು. ಬಡವರ ಮಕ್ಕಳು ಸರ್ಕಾರಿ ಶಾಲೆ ಉಳಿಸಬೇಕು, ನಮ್ಮ ಮಕ್ಕಳು ಫೀಸು ಕಟ್ಟಿ ಹೋಗಬಹುದು.

ಖಾಸಗಿಯಿಂದ ಸರ್ಕಾರಿ ಶಾಲೆಗೆ ನಡುವೆ ಬರಬಹುದಾ? ಫೀಸು ಬಾಕಿ ಇದೆ ಅಂತ ಟಿಸಿ ಕೊಡ್ತಿಲ್ಲ.

ಬರಬಹುದು. ಎಂಟನೇ ತರಗತಿವರೆಗೆ ಸರ್ಕಾರಿ ಅಥವಾ ಅನುದಾನಿತ ಶಾಲೆಗೆ ವರ್ಗ ಕೇಳುವುದು ಮಗುವಿನ ಹಕ್ಕು. ಆರ್‌ಟಿಇ 5ನೇ ಕಲಂ ನೋಡಿ. ಮುಖ್ಯಸ್ಥರು ಕೂಡಲೇ ಟಿಸಿ ಕೊಡಬೇಕು. ಟಿಸಿ ತಡವಾಯಿತು ಅಂತ ಹೊಸ ಶಾಲೆಯವರು ಮಗುವನ್ನು ವಾಪಸ್ ಕಳಿಸುವ ಹಾಗೂ ಇಲ್ಲ. ಮಗುವಿನ ಎಸ್‌ಎಟಿಎಸ್ ಸಂಖ್ಯೆ ಬರೆದುಕೊಂಡು ಹತ್ತಿರದ ಶಾಲೆಯ ಮುಖ್ಯ ಶಿಕ್ಷಕರ ಹತ್ತಿರ ಹೋಗಿ, ಆಗದಿದ್ದರೆ ಬಿಇಒ ಕಚೇರಿಗೆ ಲಿಖಿತ ಅರ್ಜಿ ಕೊಟ್ಟು ಸ್ವೀಕೃತಿ ಪಡೆಯಿರಿ. ಬಾಯಿಮಾತಿನಲ್ಲಿ ಹೇಳಿ ಬರಬೇಡಿ.